ಹೊಳ್ಳಿ ಬರುವ ಧುನ್

ನಿಪ್ಪಾಣಿಯ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ದಾದಾಸಾಬರು ರೆಕಾರ್ಡಿನ ಧೂಳನ್ನು ಮೆತ್ತನೆಯ ಅರಿವೆಯಿಂದ ಒರೆಸಿ, ಅದರ ಮೇಲೆ ಮುಳ್ಳನ್ನು ಮೆಲ್ಲಗೆ ಇಳಿಸುತ್ತಾರೆ. ನೆರೆಯವರ ನಿದ್ದೆ ಕೆಡಬಾರದೆಂದು ದನಿ ಸಣ್ಣಗಿಟ್ಟಿದ್ದಾರೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹಾಜಿರಾಬಿ ಕೈ ತಡೆದು ಕೂಡುತ್ತಾರೆ. ಹಂಚು ಕಾದು ಕೆಂಪಾದರೂ ಸರಿ, ಧುನ್ ಮುಗಿಯುವವರೆಗೆ ಆ ಮನೆಯಲ್ಲಿ ರೊಟ್ಟಿಯ ಸಪ್ಪಳವಿಲ್ಲ.

ದಾದಾಸಾಬರು ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ವಯಸ್ಸು ಅರವತ್ತು ದಾಟಿದೆ. ನಡುಮನೆಯ ಗೋಡೆಗುಂಟ ತಂಬಾಕಿನ ಹಳೆಯ ಪೆಟ್ಟಿಗೆಗಳು; ಅವುಗಳ ತುಂಬ ಕನ್ನಡ, ಮರಾಠಿ, ಹಿಂದಿ ಸಿನಿಮಾಗಳ ರೆಕಾರ್ಡು, ಕ್ಯಾಸೆಟ್ಟು. ಚಿಕ್ಕೋಡಿಯಲ್ಲಿ ಬಾಗಿಲು ಹಾಕಿದ ಥೇಟರಿನಿಂದ, ಅಥಣಿಯ ರೇಡಿಯೋ ಅಂಗಡಿಯಿಂದ, ಕೊಲ್ಲಾಪುರದ ಹಳೆ ಬಜಾರಿನಿಂದ ಆರಿಸಿ ತಂದದ್ದು. ಅವರು ಹುಡುಕುವುದು ಹಾಡನ್ನಲ್ಲ, ಸಿನಿಮಾದ ಕಥೆಯ ಉದ್ದಕ್ಕೂ ಮತ್ತೆ ಮತ್ತೆ ಕೇಳಿಬರುವ ಆ ಒಂದು ಧುನ್ ಅನ್ನು. ತೊಟ್ಟಿಲ ಮುಂದೆ ಕೊಳಲಿನಲ್ಲಿ ಬಂದದ್ದೇ ಅಗಲಿಕೆಯ ಹೊತ್ತಿಗೆ ಸಾರಂಗಿಯಲ್ಲಿ ಬರುತ್ತದೆ.

"ಅದು ಮನಿಮಗಳಿದ್ದಂಗರಿ," ಎನ್ನುತ್ತಾರೆ. "ಲಗ್ನಾಗಿ ಹೋದಾಕಿ ಪಂಚಮಿಗೆ ಹೊಳ್ಳಿ ಬರ್ತಾಳಲ್ಲ, ಹಂಗ. ಆಕಿನ ಖರೆ, ಆದ್ರ ಮಾರಿ ಬ್ಯಾರೆ ಆಗಿರ್ತೈತಿ."

ಇದನ್ನೇ ಅವರು ಮದುವೆಮನೆಗೂ ತಂದಿದ್ದಾರೆ. ಒಂದು ಮನೆಗೆ ಒಂದೇ ಧುನ್. ಅರಿಷಿಣ ಹಚ್ಚುವಾಗ ಮೆಲ್ಲಗೆ, ಮೆರವಣಿಗೆಯಲ್ಲಿ ಕುಣಿಯುವ ಹಾಗೆ, ಹೆಣ್ಣು ಕಳಿಸುವಾಗ ತೀರ ನಿಧಾನ. ಅದೇ ಧುನ್ ಎಂದು ಯಾರೂ ಗುರುತು ಹಿಡಿಯುವುದಿಲ್ಲ. ಕಣ್ಣು ಮಾತ್ರ ಒರೆಸಿಕೊಳ್ಳುತ್ತಾರೆ. ಎರಡನೆಯ ಕ್ಲಾರಿನೆಟ್ ಊದುವ ಅಮೋಲ, ಉಳಿದ ದಿನ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಎರಡು ಮಕ್ಕಳ ತಂದೆ, ಇದನ್ನು ಚೇಷ್ಟೆ ಮಾಡುತ್ತಲೇ ಬಂದಿದ್ದಾನೆ.

"ಕಾಕಾ, ಮಂದಿ ಊಟದ ಪಂಗತಿ ನೋಡ್ತಾರ. ನಿಮ್ಮ ಧುನ್ ಯಾರ್ ಕೇಳ್ತಾರ್ರಿ?"

ಈಗ ದಾದಾಸಾಬರ ಮುಂದಿನ ಹಲ್ಲು ಅಲುಗಾಡುತ್ತಿದೆ. ಕ್ಲಾರಿನೆಟ್ ಬಾಯಲ್ಲಿ ನಿಲ್ಲುವುದೇ ಆ ಹಲ್ಲಿನ ಆಸರೆಯಿಂದ. ಕೀಳಲೇಬೇಕೆಂದು ಡಾಕ್ಟರು ಹೇಳಿ ತಿಂಗಳಾಯಿತು. ಹಲ್ಲಿನ ನೋವಿಗಿಂತ ಅವರನ್ನು ಕಾಡುವುದು ಬೇರೆ: ತಮ್ಮ ನಂತರ ಹೀಗೆ ಹೊಳ್ಳಿ ಬರುವ ಧುನ್ ಯಾರ ಉಸಿರಿನಲ್ಲಿ ಉಳಿದೀತು? ಕಲಿಸಲು ಕೂತರೆ ಬ್ಯಾಂಡಿನವರು ಹೊಸ ಹಾಡು ಕೇಳುತ್ತಾರೆ.

ಹತ್ತಿರದ ಅಕ್ಕೋಳದಲ್ಲಿ ಸುಗಂಧಾ ಎಂಬುವರ ಮಗಳು ನೀಲಮಳ ಮದುವೆ. ಹೆಣ್ಣು ಕಳಿಸುವ ಹೊತ್ತು. ದಾದಾಸಾಬರು ಕ್ಲಾರಿನೆಟ್ ಎತ್ತುವುದನ್ನು ಕಂಡು, ಯಾರೂ ಹೇಳದೆಯೇ ಜೀಪಿನವನು ಇಂಜಿನ್ ಬಂದ್ ಮಾಡುತ್ತಾನೆ. ನೀಲಮ ತಾಯಿಯ ಕೊರಳು ಬಿಡುತ್ತಿಲ್ಲ. ಮೊದಲ ಸಾಲು ನೆಟ್ಟಗೆ ಬರುತ್ತದೆ. ಎರಡನೆಯದರ ನಡುವೆ ಹಲ್ಲು ಸರಿಯುತ್ತದೆ, ಉಸಿರು ತುಟಿಯಂಚಿನಿಂದ ಸೋರುತ್ತದೆ, ದನಿ ಕಡಿದು ಬೀಳುತ್ತದೆ.

ಕಡಿದಲ್ಲಿಂದಲೇ ಅಮೋಲ ಎತ್ತಿಕೊಳ್ಳುತ್ತಾನೆ. ಅದೇ ಸ್ವರ, ಅದೇ ನಿಧಾನ. ದಾದಾಸಾಬರು ತಿರುಗಿ ನೋಡುವುದಿಲ್ಲ. ಕ್ಲಾರಿನೆಟ್ಟನ್ನು ತುಟಿಗೆ ಹಿಡಿದು, ಊದದೆ ಬೆರಳಾಡಿಸುತ್ತ ನಿಂತಿದ್ದಾರೆ. ಅವನ ಬೆರಳೂ ಅವರ ಬೆರಳೂ ತಮ್ಮ ತಮ್ಮ ಕ್ಲಾರಿನೆಟ್ಟಿನ ಅದದೇ ತೂತಿನ ಮೇಲೆ ಏರುತ್ತವೆ, ಇಳಿಯುತ್ತವೆ. ಊದುತ್ತಿರುವುದು ಯಾರೆಂದು ಮಂದಿಗೆ ತಿಳಿಯುವುದಿಲ್ಲ.

ಅವನಿಗೆ ಯಾವಾಗ ಕಲಿಸಿದಿರಿ ಎಂದು ಆಮೇಲೆ ಕೇಳಿದರೆ ದಾದಾಸಾಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ನಗುತ್ತಾರೆ.

"ನಾ ಏನೂ ಕಲಿಸಿಲ್ರಿ. ಚೇಷ್ಟಿ ಮಾಡ್ಕೋತನ ಎಲ್ಲಾ ಕೇಳ್ಯಾನ, ಕಳ್ಳ. ಮುಂದಿನ ಲಗ್ನದಾಗ ನಾ ಅವನ ಹಿಂದ ನಿಂತು ಝಾಂಜ್ ತಾಳಾ ಬಾರಸ್ತೀನಿ. ಅದಕ್ಕ ಹಲ್ಲ ಬೇಕಾಗಂಗಿಲ್ಲ."