ಮೇಲಿನ ಸಾಲು ಯಾರಿಗೆ?

ಊರಿನ ಅರ್ಧಕ್ಕರ್ಧ ಬೋರ್ಡುಗಳು ಅವಳ ಕೈಬರಹವೇ. ಎಲ್ಲರೂ ಅವಳನ್ನು ಅಕ್ಷರದಕ್ಕ ಎನ್ನುತ್ತಿದ್ದರು. ಹೀಗಾಗಿ ಚರ್ಚಿನ ಬಾಗಿಲ ಪಕ್ಕದ ಗೋಡೆಗೆ ಯೇಸುವಿನ ಬಗ್ಗೆ 'ಪೂರ್ಣ ದೇವರು, ಪೂರ್ಣ ಮನುಷ್ಯ' ಎಂದು ಎರಡು ಸಾಲು ಬರೆಯುವ ಕೆಲಸವೂ ಅವಳಿಗೇ ಬಂತು.

ಏಣಿ ಹತ್ತಿ ಸೀಮೆಸುಣ್ಣದಲ್ಲಿ ಗೆರೆ ಎಳೆದಳೋ ಇಲ್ಲವೋ, ಕಮಿಟಿಯವರು ಕೆಳಗೆ ಜಮಾಯಿಸಿದರು.

"ದೇವರು ಅನ್ನೋದು ಮೇಲಿನ ಸಾಲಲ್ಲಿರಲಿ," ಎಂದರು ನಿವೃತ್ತ ಹೆಡ್‌ಮಾಸ್ಟರು.

ಔಷಧಿ ಅಂಗಡಿಯವನಿಗೆ ರೇಗಿತು. "ಮನುಷ್ಯ ಕೆಳದರ್ಜೆನಾ ಮೇಷ್ಟ್ರೇ? ಯೇಸು ಹಸಿದಿದ್ದು, ಅತ್ತಿದ್ದು ಎಲ್ಲಾ ಬರೀ ನಾಟಕನಾ?"

"ನೀನು ಆತನನ್ನ ಪಕ್ಕದ ಮನೆಯವನ ಥರ ಮಾಡಿಬಿಟ್ಟೆ."

"ನೀವು ಆತನ ಕಾಲು ನೆಲಕ್ಕೇ ತಾಗಿಸಲ್ಲ."

ಅಕ್ಕಪಕ್ಕ ಬರೆಯೋಣವೆಂದರೆ, ಎಡಗಡೆಯದನ್ನೇ ಅಲ್ಲವೇ ಮೊದಲು ಓದುವುದು ಎಂಬ ತಕರಾರು. ಮೇಷ್ಟ್ರು ಸ್ಕೇಲು ತಂದು ಸೀಮೆಸುಣ್ಣದ ಅಕ್ಷರಗಳನ್ನು ಅಳೆದರು. 'ಮನುಷ್ಯ' ಕೆಳಗಡೆಗೆ ಅರ್ಧ ಇಂಚು ಹೆಚ್ಚು ಜಾಗ ತಿಂದಿತ್ತು.

"ಒತ್ತಕ್ಷರ ಕೆಳಗೇ ಬರೋದು ಮೇಷ್ಟ್ರೇ, ಅದು ನಾನು ಮಾಡಿದ್ದಲ್ಲ," ಎಂದಳು ಅಕ್ಷರದಕ್ಕ.

ಮೂರು ವಾರ ಕಳೆಯಿತು. ಆರಾಧನೆಯಲ್ಲಿ ಎರಡು ಪಕ್ಷದವರು ಬೇರೆ ಬೇರೆ ಬೆಂಚು ಹಿಡಿದರು. ಪಾದ್ರಿಗಳು ಯಾವ ಬೆಂಚನ್ನೂ ನೋಡದೆ ಪ್ರಸಂಗ ಬೇಗ ಮುಗಿಸತೊಡಗಿದರು.

ಒಂದು ಬೆಳಿಗ್ಗೆ ಮೇಷ್ಟ್ರು, ಔಷಧಿಯವನು ಇಬ್ಬರೂ ಏಣಿಯ ಒಂದೊಂದು ಕಾಲು ಹಿಡಿದಿದ್ದರು. ವಾದ ಬಿಸಿಯಾಗಿ ಇಬ್ಬರೂ ಬೈಬಲ್ ತೆರೆಯಲು ಕೈ ಬಿಟ್ಟರು. ಮೇಲಿದ್ದ ಅಕ್ಷರದಕ್ಕ ದೊಪ್ಪನೆ ಬಿದ್ದಳು. ಎಡಗೈ ಮುರಿಯಿತು.

"ಇಂಥ ನೋವು ದೇವರಿಗೂ ಆಗಿತ್ತು ಅಂತ ಈಗಲಾದ್ರೂ ಒಪ್ಪಿ," ಎಂದ ಔಷಧಿಯವನು.

"ನೋವಾಗಿದ್ದು ಮನುಷ್ಯಸ್ವಭಾವಕ್ಕೆ ಮಾತ್ರ."

"ಅದನ್ನ ಆಮೇಲೆ ತೀರ್ಮಾನ ಮಾಡಿ," ಎಂದಳು ಅವಳು ಹಲ್ಲು ಕಚ್ಚಿ. "ಈಗ ಒಬ್ಬರು ತಲೆ ಕಡೆ ಹಿಡೀರಿ, ಒಬ್ಬರು ಕಾಲು ಕಡೆ."

ತಲೆ ಕಡೆ ಯಾರೆಂಬುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು.

ಪಟ್ಟಿ ಬಿಚ್ಚಿದ ಮೇಲೆ ಅವಳು ಯಾರನ್ನೂ ಕೇಳದೆ ಬರೆದು ಮುಗಿಸಿದಳು. ಮೇಲೆ ದೇವರು, ಕೆಳಗೆ ಮನುಷ್ಯ. ಔಷಧಿಯವನು ಮುಖ ಊದಿಸಿಕೊಂಡು ಬಂದ.

"ಕೆಳಗಿನ ಸಾಲು ಕಣ್ಣಿನ ಮಟ್ಟಕ್ಕಿದೆ ಅಣ್ಣಾ. ಒಳಗೆ ಹೋಗೋರೆಲ್ಲ ಅದನ್ನೇ ಮೊದಲು ನೋಡೋದು."

ಅವನು ಬೀಗುತ್ತಾ ಹೋದ. ಮಧ್ಯಾಹ್ನದೊಳಗೆ ಮೇಷ್ಟ್ರು ಹಾಜರಾದರು.

"ಏನಮ್ಮಾ, ದೇವರನ್ನ ಸ್ವಲ್ಪ ಕೆಳಗೆ ಇಳಿಸೋಕಾಗುತ್ತಾ?"

"ಆತ ಒಂದ್ಸಲ ಇಳಿದು ಬಂದಾಯ್ತಲ್ಲ ಮೇಷ್ಟ್ರೇ," ಎಂದು ಅವಳು ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದಳು. ಟೈರ್ ಅಂಗಡಿಯವನು ತನ್ನ ಬೋರ್ಡಿಗಾಗಿ ಆಗಲೇ ಎರಡು ಸಲ ಹೇಳಿಕಳಿಸಿದ್ದ.