ಕಾಟಾ ಜ್ಞಾನದೇವನ ರೆಗ್ಯುಲರ್ ಟಿಕ್ಕು

ರಾಯಬಾಗ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಅವನಿಗೆ ಕಾಟಾ ಜ್ಞಾನದೇವ ಎಂದೇ ಹೆಸರು. ಕಬ್ಬಿನ ಟ್ರ್ಯಾಕ್ಟರು ತೂಗುವ ಕಾಟಾದಲ್ಲಿ ಇಪ್ಪತ್ತಾರು ವರ್ಷ ಕೂತವನು. ಅಂಕಲಿಯ ರೈತರು ಹೆತ್ತಪ್ಪನ ಮಾತನ್ನಾದರೂ ಅನುಮಾನಿಸಿಯಾರು, ಇವನು ಬರೆದ ತೂಕವನ್ನಲ್ಲ. ಅದರಿಂದ ಅವನಿಗೆ ಒಂದಿಷ್ಟು ಸೊಕ್ಕೂ ಇತ್ತು. ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ನಾನು ಆ ಸೊಕ್ಕನ್ನು ದಿನಾ ನೋಡಿದವನು.

ಒಂಬತ್ತು ವರ್ಷದ ಹಿಂದೆ ಪಿಎಫ್ ಜೊತೆಗೆ ಇನ್ನೊಂದು ಉಳಿತಾಯ ಬಂತು. ತಿಂಗಳ ಪಗಾರದಲ್ಲಿ ಒಂದಿಷ್ಟು ಮುರಿದು ಮ್ಯೂಚುವಲ್ ಫಂಡಿಗೆ ಹಾಕುವುದು, ನಿವೃತ್ತಿಯಾದಾಗ ತೆಗೆದುಕೊಳ್ಳುವುದು. ನಿಪ್ಪಾಣಿಯ ಏಜೆಂಟ್ ಶ್ರೀಪಾಲ ಫಾರ್ಮು ಹಂಚಿದ. ಅದರಲ್ಲಿ ಎರಡು ಚೌಕ: ಡೈರೆಕ್ಟ್, ರೆಗ್ಯುಲರ್. ಶ್ರೀಪಾಲ ಸುಳ್ಳೇನೂ ಹೇಳಲಿಲ್ಲ. ಎರಡಕ್ಕೂ ಏನು ವ್ಯತ್ಯಾಸವೆಂದು ನಾವು ಕೇಳಲಿಲ್ಲ, ಅವನು ಹೇಳಲಿಲ್ಲ.

ನಮ್ಮಲ್ಲಿ ರೆಗ್ಯುಲರ್ ಅನ್ನುವುದು ಸಣ್ಣ ಮಾತಲ್ಲ. ಕಬ್ಬು ನುರಿಸುವುದು ಮುಗಿದ ಕೂಡಲೇ ಮನೆಗೆ ಹೋಗುವವನು ಸೀಸನಲ್, ವರ್ಷವಿಡೀ ಪಗಾರ ಪಡೆಯುವವನು ರೆಗ್ಯುಲರ್. ರೆಗ್ಯುಲರ್ ಆದ ದಿನ ಪೇಢೆ ಹಂಚುತ್ತಾರೆ. ಹೆಣ್ಣು ಕೊಡುವವರು ಮೊದಲು ಕೇಳುವುದೂ ಅದನ್ನೇ.

"ರೆಗ್ಯುಲರ್ ಬಿಟ್ಟು ಯಾವ ಹುಚ್ಚ ಡೈರೆಕ್ಟಿಗೆ ಹೋಗ್ತಾನ್ರಿ?" ಎಂದು ಜ್ಞಾನದೇವ ಟಿಕ್ ಹಾಕಿದ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ. ನನ್ನನ್ನೂ ಸೇರಿಸಿ ನಲವತ್ತು ಮಂದಿ ಅಲ್ಲೇ ಟಿಕ್ ಹಾಕಿದೆವು. ಕ್ಯಾಂಟೀನಿನ ಸುಂದ್ರವ್ವ ಹನ್ನೊಂದು ವರ್ಷ ಸೀಸನಲ್ ಆಗಿ ಪಾತ್ರೆ ತಿಕ್ಕಿ ಆಗಷ್ಟೇ ರೆಗ್ಯುಲರ್ ಆಗಿದ್ದಳು. ಅವಳು ಇವನ ಕೈಯಿಂದಲೇ ಟಿಕ್ ಹಾಕಿಸಿಕೊಂಡಳು.

ಹೋದ ಶ್ರಾವಣದಲ್ಲಿ ಅವನ ಮಗಳು ಶುಭಾಂಗಿ ಊಟದ ಹೊತ್ತಿಗೆ ಆ ಉಳಿತಾಯದ ಕಾಗದ ನೋಡಿದಳು. ಚಿಕ್ಕೋಡಿಯ ಆಡಿಟರ ಹತ್ತಿರ ಕೆಲಸ ಮಾಡುವ ಹುಡುಗಿ.

"ಪಪ್ಪಾ, ರೆಗ್ಯುಲರ್ ಅಂದ್ರ ಏಜೆಂಟನ ಕಮಿಷನ್ ಸೇರಿದ್ದು. ಡೈರೆಕ್ಟಿನ್ಯಾಗ ಅದು ಇರೂದಿಲ್ಲ. ಫಂಡ್ ಎರಡೂ ಒಂದ. ನಿಮಗ ನೂರಕ್ಕ ಒಂದ್ ರೂಪಾಯಿ ಖರ್ಚ ಜಾಸ್ತಿ ಬೀಳಾಕತ್ತೈತಿ."

"ಒಂದ ಅಲಾ! ಕಾಟಾದಾಗ ಅದಕ್ಕಿಂತ ಹೆಚ್ಚ ಘಟ ಹಿಡಿತೀವಿ." ಕಬ್ಬಿನ ಜೊತೆ ಬರುವ ರವದಿ ಎಂಬ ಒಣಗರಿ, ಮಣ್ಣಿಗೆಂದು ತೂಕದಲ್ಲಿ ಮುರಿಯುವುದೇ ಘಟ.

"ನೀವು ಒಂದ್ ಲೋಡಿಗೆ ಒಂದ ಸಲ ಹಿಡಿತೀರಿ. ಈ ಫಂಡಿನವ್ರು ಹೋದ ವರ್ಷ ತೂಗಿದ ಕಬ್ಬನ್ನೂ ಈ ವರ್ಷ ಮತ್ತ ಕಾಟಾಕ್ಕ ಏರಿಸ್ತಾರ. ವರ್ಷಾ ವರ್ಷಾ, ಪೂರಾ ರಾಶಿಗೆ."

ಅವನು ಊಟ ಬಿಟ್ಟು ಎದ್ದ. ಕೂಡಿದ್ದ ಆರು ಲಕ್ಷಕ್ಕೆ ಒಂದೇ ವರ್ಷದಲ್ಲಿ ಆರು ಸಾವಿರ ಹೆಚ್ಚಿಗೆ ಹೋಗುತ್ತಿತ್ತು. ತನ್ನದು ಹೋದರೆ ಹೋಗಲಿ, ತನ್ನ ಮಾತು ನಂಬಿದ ನಲವತ್ತು ಮಂದಿಯದು? ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷದ ಹೆಸರು ಹೋಗುತ್ತದೆ, ಬಿಡದಿದ್ದರೆ ಅವರ ದುಡ್ಡು. ನನ್ನ ಹತ್ತಿರ ಬಂದು ಹೇಳಿಕೊಂಡ.

"ಸುಮ್ನಿರಪಾ, ಯಾರಿಗೇನ್ ಗೊತ್ತೈತಿ?" ಅಂದೆ. ಹಾಗಂದಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆ.

ಕಬ್ಬು ನುರಿಸುವ ಮುನ್ನ ಮಾಡುವ ಬಾಯ್ಲರ್ ಪೂಜೆಯ ದಿನ ಎಲ್ಲರೂ ಸೇರಿದ್ದಾಗ ಅವನು ಎದ್ದು ನಿಂತ.

"ನನ್ನ ತೂಕ ತಪ್ಪಿತ್ರಿ," ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದ.

"ಹಂಗಾರ ನಮ್ಮ ಕಬ್ಬೂ ಹಿಂಗ ತೂಗೀಯೇನ್?" ಎಂದು ವರ್ಕ್‌ಶಾಪಿನ ಉತ್ತಮ ಚುಚ್ಚಿದ. ನಾಲ್ಕು ಮಂದಿ ನಕ್ಕರು. ಜ್ಞಾನದೇವ ಮಗಳನ್ನು ಮುಂದೆ ಕರೆದ. ಶುಭಾಂಗಿ ಹೊಸ ಫಾರ್ಮು ತಂದಿದ್ದಳು. ಮುಂದಿನ ಕಂತುಗಳನ್ನು ಈಗಲೇ ಡೈರೆಕ್ಟಿಗೆ ಹಾಕಬಹುದು, ಹಳೆಯ ಗಂಟು ಬದಲಿಸಿದರೆ ತೆರಿಗೆ ಬೀಳಬಹುದು, ಅದನ್ನು ಒಬ್ಬೊಬ್ಬರದಾಗಿ ನೋಡೋಣ ಎಂದಳು. ಗೊಣಗುತ್ತಲೇ ಜನ ಸಾಲು ಹಚ್ಚಿದರು. ಉತ್ತಮನೂ ಹಚ್ಚಿದ.

ಕೊನೆಗೆ ಸುಂದ್ರವ್ವ ಬಂದಳು. ಫಾರ್ಮು ಮುಟ್ಟಲಿಲ್ಲ.

"ಅಣ್ಣಾ, ರೆಗ್ಯುಲರ್ ತಗದ್ರ ನನ್ನ ಮತ್ತ ಸೀಸನಲ್ ಮಾಡೂದಿಲ್ಲಲ್ಲ?"

ಜ್ಞಾನದೇವನ ಕಣ್ಣು ತುಂಬಿತು. "ಇಲ್ಲ ತಂಗಿ. ನೌಕರಿ ಬ್ಯಾರೆ, ಇದು ಬ್ಯಾರೆ."

"ನೀ ಹೇಳಿದಿ ಅಂದ್ರ ಆತು. ತಾ, ಹೆಬ್ಬಟ್ಟ ಒತ್ತತೀನಿ."

"ನಾ ಹೇಳ್ದೆ ಅಂತ ಒತ್ತಬ್ಯಾಡವ್ವಾ," ಎಂದು ಅವನು ಫಾರ್ಮನ್ನು ಮಗಳ ಕೈಗೆ ಕೊಟ್ಟ. "ಮೊದಲ ಪೂರಾ ಓದಿ ಹೇಳ್ ಬೇ. ನಾನೂ ಕೇಳ್ತೀನಿ."

ಹಾಗೆಂದು ಸುಂದ್ರವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತ.