ಗೊಂಬೆ ಕೂರಿಸಿದ ಮನೆಯ ಜೋಕು

ಸುಂದರನಿಗೆ ಮಾತು ಬಂದದ್ದು ಏಣಿಯ ಮೇಲೆ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ, ತನ್ನ ಮಾತಿನ ಬಗ್ಗೆ ಅವನಿಗೆ ಇನ್ನೂ ಹೆಮ್ಮೆ ಇದ್ದ ಕಾಲದಲ್ಲಿ. ಮೂಲ್ಕಿಯ ಕಡೆಯವನು. ಮಂಗಳೂರಿನಲ್ಲಿ ಐಟಿಐ ಮುಗಿಸಿ, ಇಪ್ಪತ್ತನಾಲ್ಕನೇ ವಯಸ್ಸಿಗೆ ಬಹ್ರೇನಿಗೆ ಬಂದು, ಸಲ್ಮಾಬಾದಿನ ಒಂದು ಎಸಿ ರಿಪೇರಿ ಅಂಗಡಿ ಸೇರಿದ. ಹದಿನೇಳು ವರ್ಷದಿಂದ ಅದೇ ಅಂಗಡಿ, ಅದೇ ಕೆಲಸ. ಎಸಿಯವನಿಗೆ ಒಂದು ಪೀಕಲಾಟವಿದೆ. ನೆಂಟರೂ ಕಾಲಿಡದ ಒಳಕೋಣೆಗೆ ಅವನು ಹೋಗಬೇಕು, ಮಂಚದ ಪಕ್ಕದಲ್ಲೇ ಏಣಿ ಹಾಕಬೇಕು. ಮನೆಯಾಕೆ ಬಾಗಿಲಲ್ಲಿ ನಿಂತಿರುತ್ತಾಳೆ, ಎಲ್ಲಿ ನೋಡಬೇಕೆಂದು ಇಬ್ಬರಿಗೂ ತಿಳಿಯುವುದಿಲ್ಲ. ಆ ಮುಜುಗರ ಕಳೆಯಲಿಕ್ಕೆ ಸುಂದರ ಬಾಯಿಗೆ ಬಂದದ್ದು ಹೇಳುತ್ತಿದ್ದ. ಜನ ನಗುತ್ತಿದ್ದರು. ನಕ್ಕವರು ಚಹಾ ಕೊಡುತ್ತಿದ್ದರು.

ಹೀಗೆ ನಕ್ಕವರಲ್ಲಿ ಚಿತ್ರಾ ಒಬ್ಬರು. ಮೈಸೂರಿನವರು, ಹೂರಾ ಬಡಾವಣೆಯ ಒಂದು ಕಟ್ಟಡದಲ್ಲಿ ಐದನೇ ಮಹಡಿಯ ಮನೆ. ಗಂಡ ಬಾಲಸುಬ್ರಹ್ಮಣ್ಯ ದೊಡ್ಡ ಕಂಪನಿಯಲ್ಲಿ ಎಂಜಿನಿಯರು, ಕನ್ನಡ ಸಂಘದ ಕಾರ್ಯದರ್ಶಿ ಬೇರೆ. ಬೇರೆ ಮನೆಗಳಲ್ಲಿ ಸುಂದರನಿಗೆ ಕಾಗದದ ಕಪ್ಪು ಬರುತ್ತಿತ್ತು. ಚಿತ್ರಾ ತಾವು ಕುಡಿಯುವಂಥದ್ದೇ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಅವನ ಮಾತು ಕೇಳಿ ಕಣ್ಣೊರೆಸಿಕೊಂಡು ನಗುತ್ತಿದ್ದರು. 'ಮೇಡಂ' ಎಂದು ಕರೆಯುತ್ತಿದ್ದವನು ಎರಡನೇ ವರ್ಷಕ್ಕೆ 'ಅಕ್ಕ' ಅನ್ನತೊಡಗಿದ.

"ನೀವು ಸ್ಟೇಜ್ ಮೇಲೆ ಮಾತಾಡ್ಬೇಕು ಸುಂದರ. ತಮಾಷೆಗೆ ಹೇಳ್ತಿಲ್ಲ," ಎಂದರು ಒಂದು ದಿನ.

"ಏಣಿ ಇಲ್ಲದೆ ನನಗೆ ಮಾತು ಬರುದಿಲ್ಲ ಅಕ್ಕ. ಸ್ಟೇಜಿಗೆ ಏಣಿ ಬಿಡ್ತಾರಾ?"

ಅವರೇ ಫೋನ್ ಮಾಡಿ ತರುಣ್ ಎಂಬವನಿಗೆ ಹೇಳಿದರು. ತರುಣ್ ಬೆಂಗಳೂರಿನ ಹುಡುಗ, ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಶುಕ್ರವಾರ ಸಂಜೆ ಒಂದು ಕೆಫೆಯಲ್ಲಿ ಸ್ಟ್ಯಾಂಡಪ್ ಕಾಮಿಡಿ ನಡೆಸುವುದು ಅವನ ಹುಚ್ಚು. ಅಲ್ಲಿ ಮೊದಲ ಸಲ ಮೈಕು ಹಿಡಿದಾಗ ಸುಂದರ ಐದು ನಿಮಿಷದಲ್ಲಿ ಹೇಳಬೇಕಾದ್ದನ್ನು ಎರಡೇ ನಿಮಿಷದಲ್ಲಿ ಒದರಿ ಇಳಿದುಬಿಟ್ಟ. ಆದರೂ ಬಿಡಲಿಲ್ಲ. ಹಿಂದಿ, ತುಳು, ಹರಕು ಇಂಗ್ಲಿಷು, ಕನ್ನಡ ಎಲ್ಲ ಕಲಸಿ, ಒಂದು ವರ್ಷದಲ್ಲಿ 'ಎಸಿ ಸುಂದರ' ಎಂದು ಹೆಸರಾದ. ಊರಿನಲ್ಲಿ ಹೆಂಡತಿ ಅವನ ವಿಡಿಯೋಗಳನ್ನು ನೆರೆಮನೆಯವರಿಗೆಲ್ಲ ತೋರಿಸಿ, ಇವರು ಅಲ್ಲಿ ಆರ್ಟಿಸ್ಟು ಎಂದು ಹೇಳಿಕೊಂಡು ತಿರುಗಿದಳು.

ಆಗ ಬಂದ ಒಬ್ಬ ಜರ್ಮನ್. ಕೊಲ್ಲಿಯ ಊರೂರು ತಿರುಗಿ ಶೋ ಕೊಡುತ್ತಿದ್ದ ಕಸುಬುದಾರ ಕಾಮಿಡಿಯನ್. ಜರ್ಮನ್ನರಿಗೆ ನಗುವುದಕ್ಕೆ ಬರುವುದಿಲ್ಲ ಎಂದು ಲೋಕವೆಲ್ಲ ಆಡಿಕೊಳ್ಳುವುದನ್ನೇ ಬಂಡವಾಳ ಮಾಡಿಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ಮುಕ್ಕಾಲು ಗಂಟೆ ಜನರನ್ನು ಉರುಳಾಡಿಸಿದ. ಶೋ ಮುಗಿದ ಮೇಲೆ ತರುಣ್ ಸುಂದರನನ್ನು ಅವನ ಮುಂದೆ ನಿಲ್ಲಿಸಿ, ಹರಕು ಇಂಗ್ಲಿಷಿನಲ್ಲೇ ಒಂದೆರಡು ಜೋಕು ಹೇಳಿಸಿದ. ಜರ್ಮನ್ ಹೇಳಿದ್ದನ್ನು ತರುಣ್ ಕನ್ನಡಕ್ಕೆ ಇಳಿಸಿದ: "ನೀನು ಒಂದು ಮನೆ, ಒಂದು ಮನೆ ಅಂತೀಯ, ಅದಕ್ಕೇ ಅರ್ಧ ನಗು ಬರುತ್ತೆ ಅಂತೆ. ಆ ಮನೆಯಲ್ಲಿ ಏನಿತ್ತು ಹೇಳು. ಊರು, ಹೆಸರು ಎಲ್ಲ ಬದಲಾಯಿಸು, ಕಣ್ಣಲ್ಲಿ ಕಂಡಿದ್ದು ಒಂದನ್ನ ಮಾತ್ರ ಹಾಗೇ ಬಿಡು."

ಸುಂದರ ಅದನ್ನು ಗುರುಮಂತ್ರದ ಹಾಗೆ ಹಿಡಿದುಕೊಂಡ. ತಪ್ಪು ಜರ್ಮನ್ನನದೇನಲ್ಲ, ಅದನ್ನು ಈಗಲೇ ಹೇಳಿಬಿಡಬೇಕು. ಅವನು ಕಂಡದ್ದನ್ನು ಹೇಳು ಎಂದಿದ್ದ. ಯಾರದನ್ನು ಹೇಳಬಾರದು ಎಂಬುದು ಸುಂದರನಿಗೆ ಗೊತ್ತಿರಬೇಕಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ಚಿತ್ರಾ ಸರ್ವೀಸಿಗೆ ಕರೆದರು. ಮನೆಗೆ ಜನ ಬರುವವರಿದ್ದಾರೆ, ಎಸಿಗಳೆಲ್ಲ ಸರಿಯಿರಬೇಕು ಎಂದರು. ಹೋದರೆ ಹಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಬಟ್ಟೆ ಹಾಸಿ ಗೊಂಬೆ ಕೂರಿಸಿದ್ದಾರೆ. ಪಟ್ಟದ ರಾಜ, ರಾಣಿ, ದಿನಸಿ ಅಂಗಡಿಯ ಶೆಟ್ಟಿ, ಆನೆ, ಬ್ಯಾಂಡಿನವರು. ಸುಂದರ ಇಂಥದ್ದನ್ನು ಅದುವರೆಗೆ ಹತ್ತಿರದಿಂದ ನೋಡಿರಲಿಲ್ಲ. ಮೈಸೂರಿನವರ ಮನೆಗಳಲ್ಲೆಲ್ಲ ಇದು ಇರುತ್ತದೆ ಎಂದುಕೊಂಡ.

ಕೋಣೆ ಎರಡು. ದಂಪತಿಯ ಕೋಣೆಯ ಎಸಿ ಬಿಚ್ಚಿದ, ಫಿಲ್ಟರಿನಲ್ಲಿ ಬೆರಳು ದಪ್ಪ ಧೂಳು. ಗೆಸ್ಟ್ ರೂಮಿನದನ್ನು ಬಿಚ್ಚಿದ, ಅಲ್ಲೂ ಅಷ್ಟೇ ಧೂಳು. ವರ್ಷಕ್ಕೊಮ್ಮೆ ನೆಂಟರು ಬರುವ ಕೋಣೆಯಲ್ಲಿ ದಿನಾ ಎಂಟು ಗಂಟೆ ಎಸಿ ಓಡಿದ್ದರೆ ಮಾತ್ರ ಹಾಗಾಗುತ್ತದೆ. ಸುಂದರ ಫಿಲ್ಟರ್ ಕೈಯಲ್ಲಿ ಹಿಡಿದು, "ಬಕೆಟ್ ಎಲ್ಲುಂಟು ಅಕ್ಕ?" ಎಂದು ಕೇಳಿದ, ಅಷ್ಟೆ.

ಬಾಗಿಲಲ್ಲಿದ್ದ ಚಿತ್ರಾ ಫಿಲ್ಟರನ್ನೊಮ್ಮೆ, ಅವನನ್ನೊಮ್ಮೆ ನೋಡಿ, "ಅವರು ತುಂಬಾ ಗೊರಕೆ ಹೊಡೀತಾರೆ," ಎಂದರು. ಮುಖ ಕೆಂಪಾಗಿತ್ತು. ಆ ದಿನ ಅವರು ನಗಲಿಲ್ಲ, ಕಾಫಿ ಮಾತ್ರ ತಪ್ಪಿಸಲಿಲ್ಲ.

ವ್ಯಾನು ಹತ್ತಿದಾಗ ಸುಂದರನಿಗೆ ಅವರ ಬಗ್ಗೆ ನಿಜವಾಗಿಯೂ ಪಾಪ ಅನಿಸಿತು. ಸಲ್ಮಾಬಾದ್ ತಲುಪುವಷ್ಟರಲ್ಲಿ ಜೋಕು ತಯಾರಾಗಿತ್ತು.

ನವೆಂಬರಿನ ರಾಜ್ಯೋತ್ಸವ. ಸಂಘದ ವೇದಿಕೆ, ಆರುನೂರು ಜನ. ಅದುವರೆಗೆ ಆ ವೇದಿಕೆಗೆ ಸುಂದರ ಹೋಗಿದ್ದು ಹಾಲಿನ ಎಸಿ ನೋಡಲಿಕ್ಕೆ ಮಾತ್ರ. ಆ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೈಕು ಹಿಡಿದು ನಿಂತ. ಎದುರಿಗೆ ಎರಡನೇ ಸಾಲಿನಲ್ಲಿ ಚಿತ್ರಾ, ಪಕ್ಕದಲ್ಲಿ ಬಾಲಸುಬ್ರಹ್ಮಣ್ಯ. ತನ್ನನ್ನು ಇಲ್ಲಿಗೆ ತಂದವರು ಎಂದು ಸುಂದರ ಮೊದಲು ಅವರ ಕಡೆಗೇ ಕೈಮುಗಿದ.

"ಡಾಕ್ಟ್ರಿಗೆ ನಾಡಿ ಹಿಡಿಬೇಕು, ಜೋಯಿಸರಿಗೆ ಜಾತಕ ಬೇಕು. ನನಗೆ ಎಸಿ ಫಿಲ್ಟರ್ ಸಾಕು ಮಾರಾಯ್ರೆ, ಗಂಡ ಹೆಂಡತಿ ಮಾತಾಡ್ತಾರಾ ಇಲ್ವಾ ಹೇಳಿಬಿಡ್ತೇನೆ!" ಎಂದು ಶುರು ಮಾಡಿದ. ಸಭೆ ಘೊಳ್ಳೆಂದಿತು. ಗಂಡಂದಿರು ಹೆಂಡತಿಯರನ್ನು ತಿವಿದರು. "ರಿಫಾದಲ್ಲಿ ಒಂದು ಮನೆ. ಯಜಮಾನ್ರು ಬ್ಯಾಂಕಲ್ಲಿ ಮ್ಯಾನೇಜರ್. ಹಾಲಲ್ಲಿ ಗೊಂಬೆ ಕೂರಿಸಿದ್ದಾರೆ, ರಾಜ ರಾಣಿ ಒಟ್ಟಿಗೆ ಮೇಲೆ ಕೂತಿದ್ದಾರೆ, ಎಂತ ಚಂದ! ಒಳಗೆ ಹೋಗಿ ಫಿಲ್ಟರ್ ಬಿಚ್ಚಿ ನೋಡಿದ್ರೆ ಈ ಮನೆ ರಾಜ ಗೆಸ್ಟ್ ರೂಮಲ್ಲಿ!"

ಅಷ್ಟರಲ್ಲಿ ಮೂರನೇ ಸಾಲಿನಲ್ಲಿ ಒಬ್ಬಾಕೆ ಕತ್ತು ಉದ್ದ ಮಾಡಿದಳು. ಅವಳ ಹಿಂದೆ ಇನ್ನಿಬ್ಬರು. ನೋಡನೋಡುತ್ತಲೇ ತಲೆಗಳೆಲ್ಲ ಎರಡನೇ ಸಾಲಿನ ಕಡೆಗೆ ತಿರುಗಿದವು. ಸ್ಟೇಜಿನ ದೀಪ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಸುಂದರನಿಗೆ ಅದು ಅರ್ಧ ಕಂಡಿತು, ಅರ್ಧ ಕಾಣಲಿಲ್ಲ. "ನಾನು ಕೇಳಿದ್ದು, ಬಕೆಟ್ ಎಲ್ಲುಂಟು ಅಂತ. ಮೇಡಂ ಹೇಳಿದ್ದು, ಅವರು ತುಂಬಾ ಗೊರಕೆ ಹೊಡೀತಾರೆ ಅಂತ!"

ಅವನ ಬದುಕಿನಲ್ಲಿ ಅಷ್ಟು ದೊಡ್ಡ ನಗು ಬಂದಿರಲಿಲ್ಲ. ಸುಂದರ ತಲೆಬಾಗಿ ನಿಂತು ಅದನ್ನು ಪೂರಾ ಸವಿದ. ಬಾಲಸುಬ್ರಹ್ಮಣ್ಯ ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ. ಪಕ್ಕದ ಕುರ್ಚಿ ಖಾಲಿಯಿತ್ತು.

ಪರದೆಯ ಹಿಂದೆ ತರುಣ್ ಅವನ ತೋಳು ಹಿಡಿದು ಎಳೆದ. "ಗೊಂಬೆ ವಿಷಯ ಯಾಕೆ ತೆಗೆದ್ರಿ ಸುಂದರ?"

"ಎಂತಕ್ಕೆ? ಮೈಸೂರಿನವರೆಲ್ಲ ಕೂರಿಸುದಲ್ವಾ?"

"ಊರಲ್ಲಿ ಕೂರಿಸ್ತಾರೆ. ಇಲ್ಲಿ ನಮ್ಮ ಸಂಘದಲ್ಲಿ ಕೂರಿಸೋದು ಅದೊಂದೇ ಮನೆ. ಒಂಬತ್ತು ದಿನ ಎಲ್ಲರೂ ಹೋಗಿ ಬಂದಿದ್ದೀವಿ. ನೀವು ಹೋಗಿರ್ಲಿಲ್ವಾ?"

ಸುಂದರ ನೆಂಟನಾಗಿ ಹೋಗಿರಲಿಲ್ಲ. ಸಲ್ಮಾಬಾದಿನಿಂದ ಎಸಿಯವನನ್ನು ಗೊಂಬೆ ನೋಡಲಿಕ್ಕೆ ಯಾರೂ ಕರೆಯುವುದಿಲ್ಲ. ಊರು ಬದಲಾಯಿಸಿದ್ದ, ಕೆಲಸ ಬದಲಾಯಿಸಿದ್ದ, ಹೆಸರು ಎತ್ತಿರಲಿಲ್ಲ. ಆ ಎಚ್ಚರಿಕೆಯೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಮನೆ ಗುರುತಾಗಲಿಕ್ಕೆ ಯಾವುದು ಸಾಕು ಎಂದು ತಿಳಿಯುವಷ್ಟು ಕೂಡ ಆ ಜನರ ನಡುವೆ ಅವನು ಇರಲಿಲ್ಲ. ಹೊರಗಿನಿಂದ ಯಾರೋ 'ಒನ್ಸ್ ಮೋರ್' ಎಂದು ಕೂಗುತ್ತಿದ್ದರು.

ಮುಂದಿನ ದಿನಗಳನ್ನು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ವಿಡಿಯೋ ಫೋನಿನಿಂದ ಫೋನಿಗೆ ಹಾರಿತು. ಬಾಲಸುಬ್ರಹ್ಮಣ್ಯ ಕಾರ್ಯದರ್ಶಿ ಹುದ್ದೆ ಬಿಟ್ಟರು, ಕೆಲಸ ಜಾಸ್ತಿ ಎಂದು ಕಾರಣ ಕೊಟ್ಟರು. ಚಿತ್ರಾ ಮಕ್ಕಳಿಗೆ ನಡೆಸುತ್ತಿದ್ದ ಸಂಗೀತದ ಕ್ಲಾಸು ನಿಂತಿತು. ಅಂಗಡಿಯ ಮಾಲೀಕ ರಾಶಿದ್ ಒಂದು ಬೆಳಿಗ್ಗೆ, "ಹೂರಾ ಮೇಡಂ ಫೋನ್ ಮಾಡಿದ್ರು. ಇನ್ನು ಮೇಲೆ ಬೇರೆ ಯಾರನ್ನಾದರೂ ಕಳಿಸಬೇಕಂತೆ," ಎಂದು ಹಿಂದಿಯಲ್ಲಿ ಹೇಳಿ, ಕಾರಣ ಕೇಳದೆ ಕೆಲಸದ ಚೀಟಿ ಬದಲಾಯಿಸಿದ. ಬೈದಿದ್ದರೆ ವಾಸಿಯಿತ್ತು. ಬೇರೆ ಮನೆಗಳಲ್ಲಿ ಏಣಿ ಹತ್ತಿದರೆ, ಹೆಂಗಸರು "ನಮ್ಮನೇದು ಹೇಳ್ಬೇಡಪ್ಪಾ" ಎಂದು ನಗುತ್ತಾ ಮಂಚದ ಮೇಲಿನದನ್ನೆಲ್ಲ ಬೀರುವಿನೊಳಗೆ ತುರುಕುತ್ತಿದ್ದರು. ತನ್ನನ್ನು ಕಂಡರೆ ಜನ ಮನೆ ಮುಚ್ಚಿಕೊಳ್ಳುತ್ತಾರೆ ಎಂದು ಅವನಿಗೆ ಅರ್ಥವಾಯಿತು. ಹೆಂಡತಿ ಫೋನಿನಲ್ಲಿ, ಗೊರಕೆ ಜೋಕು ಭಾರೀ ಒಳ್ಳೇದಾಗಿದೆ ಎಂದಾಗ ನಾಚಿಕೆಯಿಂದ ಫೋನ್ ಇಟ್ಟುಬಿಟ್ಟ.

ಕ್ಷಮೆ ಕೇಳದೆ ಇನ್ನೊಂದು ದಿನ ಬದುಕುವುದು ಸಾಧ್ಯವಿಲ್ಲ ಎನಿಸಿ, ಒಂದು ಶನಿವಾರ ಮಧ್ಯಾಹ್ನ ಹೂರಾಕ್ಕೆ ಹೋದ. ಲಿಫ್ಟಿನಲ್ಲಿ ಒಬ್ಬನೇ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡ. "ಅಕ್ಕ, ನನ್ನದು ದೊಡ್ಡ ತಪ್ಪಾಯ್ತು. ಹದಿನೇಳು ವರ್ಷದಿಂದ ನಾನು ಎಲ್ಲರ ಮನೆ ಧೂಳು ತೊಳೀತಾ ಬಂದೆ. ನಿಮ್ಮ ಮನೆಗೆ ಮಾತ್ರ ನಾನೇ ಧೂಳು ಹಾಕಿದೆ." ಇದು ಚೆನ್ನಾಗಿದೆ ಅನಿಸಿತು. 'ನಿಮ್ಮ ಮನೆಗೆ ಮಾತ್ರ' ಆದ ಮೇಲೆ ಸ್ವಲ್ಪ ನಿಲ್ಲಿಸಬೇಕು ಅನಿಸಿತು. ಇನ್ನೊಮ್ಮೆ ನಿಲ್ಲಿಸಿ ಹೇಳಿ ನೋಡಿದ, ಮೊದಲಿಗಿಂತ ಚೆನ್ನಾಯಿತು. ಬಾಗಿಲಲ್ಲಿ ತಾನು ಕೈಮುಗಿದು ನಿಂತಿರುವುದು, ಅವರು ತಬ್ಬಿಬ್ಬಾಗುವುದು, ಎಲ್ಲ ಕಣ್ಣಿಗೆ ಕಟ್ಟಿತು. ಲಿಫ್ಟಿನ ಕನ್ನಡಿಯಲ್ಲಿ ಅವನ ತುಟಿ ಸ್ವಲ್ಪ ಅರಳಿತ್ತು.

ಚಿತ್ರಾ ಬಾಗಿಲು ತೆರೆದರು. ಬನ್ನಿ ಅನ್ನಲಿಲ್ಲ. ಸೊರಗಿದ್ದರು, ತಲೆ ಬಾಚಿರಲಿಲ್ಲ. ಸುಂದರ ಕೈಮುಗಿದು ಹೇಳಿದ, ಎಲ್ಲವನ್ನೂ ಹೇಳಿದ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿಯೇ ಹೇಳಿದ. ಅವನ ಕಣ್ಣಲ್ಲಿ ನೀರಿದ್ದದ್ದು ಸುಳ್ಳಲ್ಲ.

ಅವರು ಪೂರಾ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಇದನ್ನೂ ಸ್ಟೇಜ್ ಮೇಲೆ ಹೇಳ್ತೀರಾ ಸುಂದರ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

ಇಲ್ಲ ಅಕ್ಕ, ದೇವರಾಣೆಗೂ ಇಲ್ಲ ಎನ್ನಲು ಸುಂದರ ಬಾಯಿ ತೆರೆದ. ಲಿಫ್ಟಿನ ಕನ್ನಡಿಯಲ್ಲಿ ಕಂಡ ತನ್ನ ಮುಖ ನೆನಪಾಯಿತು. ನೆಲದಿಂದ ಐದನೇ ಮಹಡಿಗೆ ಬರುವಷ್ಟರಲ್ಲಿ ತಾನು ಈ ಹೆಂಗಸಿನ ದುಃಖವನ್ನು ಇನ್ನೊಮ್ಮೆ ಸ್ಟೇಜಿಗೆಂದು ತಿದ್ದಿ ತೀಡಿ ಮುಗಿಸಿದ್ದೇನೆ ಎಂದು ಗೊತ್ತಾಯಿತು. ಎಲ್ಲಿ ನಗು ಬರುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ನಾಚಿಕೆಯಿಂದ ಬಾಯಿ ಮುಚ್ಚಿ, ಮುಗಿದ ಕೈ ಇಳಿಸಿದ.

ಚಿತ್ರಾ ಅದನ್ನು ನೋಡಿದರು. ಆಮೇಲೆ ಸದ್ದಾಗದಂತೆ ಬಾಗಿಲು ಹಾಕಿಕೊಂಡರು.